ಮುದ್ದಿನ ನಾಯಿಯ ನೆನಪಿಗೆ ನೆಟ್ಟ ಗುಲಾಬಿ ಹೂ ಬಿಡುತ್ತಿಲ್ಲವೇ? ಬುಡ ಅಗೆಯದೆ ದೋಷ ಪತ್ತೆ ಮಾಡುವ ಕ್ರಮ

ಸಾಕಿದ ನಾಯಿಯನ್ನೋ ಬೆಕ್ಕನ್ನೋ ಹಿತ್ತಲಲ್ಲಿ ಮಣ್ಣು ಮಾಡಿ, ಆ ಜಾಗದಲ್ಲೊಂದು ಗುಲಾಬಿ ನೆಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರ ಅಳಲು ಒಂದೇ. ಗಿಡ ಬದುಕಿದೆ, ಎಲೆಯೂ ಬಿಡುತ್ತಿದೆ, ಹೂ ಮಾತ್ರ ಇಲ್ಲ. ಪಕ್ಕದ ಮನೆಯ ಗುಲಾಬಿ ಎರಡು ಸುತ್ತು ಅರಳಿ ಉದುರಿದರೂ ಇದರಲ್ಲಿ ಒಂದು ಮೊಗ್ಗಿನ ಸುಳಿವಿಲ್ಲ. ಬೇರೆ ಗಿಡವಾಗಿದ್ದರೆ ಕಿತ್ತು ಹೊಸದನ್ನು ನೆಡಬಹುದಿತ್ತು. ಇದನ್ನು ಕೀಳಲು ಮನಸ್ಸು ಬರುವುದಿಲ್ಲ. ಬುಡ ಅಗೆದು ಬೇರು ನೋಡೋಣವೆಂದರೆ ಕೆಳಗಿರುವುದು ಏನೆಂದು ಗೊತ್ತು.

ಆದ್ದರಿಂದ ಇಲ್ಲಿ ಹೇಳುವ ಕ್ರಮಕ್ಕೆ ಒಂದೇ ಕಟ್ಟಳೆ: ಗುದ್ದಲಿ ಮುಟ್ಟಬಾರದು. ಎಲೆ, ಚಿಗುರು, ಬುಡದ ಗಂಟು, ಮೇಲುಮಣ್ಣು, ನೆರಳು ಇಷ್ಟನ್ನು ನೋಡಿಯೇ ಕಾರಣ ಹಿಡಿಯಬೇಕು, ಮತ್ತು ಹಿಡಿಯಲು ಬರುತ್ತದೆ. ಇಂಥ ಗಿಡಗಳಲ್ಲಿ ನಾನು ಕಂಡಿರುವ ದೋಷಗಳಲ್ಲಿ ರೋಗ, ಕೀಟದ ಪಾಲು ಕಡಿಮೆ. ಹೆಚ್ಚಿನವು ಪ್ರೀತಿಯಿಂದ ಮಾಡಿದ ಕೆಲಸಗಳಿಂದಲೇ ಬಂದಂಥವು. ಅವನು, ಅಂದರೆ ನಮ್ಮ ಮುದ್ದಿನ ಪ್ರಾಣಿ, ಮಧ್ಯಾಹ್ನ ಮಲಗುತ್ತಿದ್ದ ತಂಪು ಜಾಗವನ್ನೇ ಆರಿಸಿಕೊಂಡಿರುತ್ತೇವೆ. ಗುಂಡಿಗೆ ಉಪ್ಪು, ಸುಣ್ಣ ಹಾಕಿರುತ್ತೇವೆ. ದಿನಾ ಬೆಳಿಗ್ಗೆ ತಪ್ಪದೆ ನೀರೆರೆದಿರುತ್ತೇವೆ. ಆ ಗಿಡಕ್ಕೆ ಕತ್ತರಿ ಹಾಕಲು ಮಾತ್ರ ಕೈ ಬಂದಿರುವುದಿಲ್ಲ. ಈ ನಾಲ್ಕರಲ್ಲಿ ಯಾವುದಕ್ಕೂ ಯಾರನ್ನೂ ದೂರುವಂತಿಲ್ಲ. ಆದರೆ ಗುಲಾಬಿಗೆ ಈ ನಾಲ್ಕೂ ಒಗ್ಗುವುದಿಲ್ಲ.

ಮುಂದೆ ಬರುವ ತಿಂಗಳು, ಋತುಗಳ ಲೆಕ್ಕ ಬೆಂಗಳೂರು, ಮೈಸೂರು, ಕೋಲಾರ, ತುಮಕೂರು ಕಡೆಯ ಬಯಲುಸೀಮೆಗೆ ಹೊಂದುವಂಥದ್ದು. ಕರಾವಳಿ, ಮಲೆನಾಡಿನಲ್ಲಿ ಮಳೆ ಹೆಚ್ಚು, ಬಿಸಿಲು ಕಡಿಮೆ. ಅಲ್ಲಿಯವರು ‘ಕುಸಿದ ಗುಂಡಿ, ನಿಂತ ನೀರು’ ಎಂಬ ಭಾಗವನ್ನು ಮೊದಲು ಓದಿಕೊಳ್ಳಿ.

ಇದು ದೋಷವೋ, ಬರೀ ತಡವೋ

ನರ್ಸರಿಯಿಂದ ತರುವಾಗ ಗಿಡದಲ್ಲಿ ಎರಡು ಹೂ ಇದ್ದವು, ನೆಟ್ಟ ಮೇಲೆ ಒಂದೂ ಬಂದಿಲ್ಲ ಎನ್ನುವುದು ತೀರ ಸಾಮಾನ್ಯ. ನೆರಳುಬಲೆಯ ಅಡಿಯಲ್ಲಿ, ಲೆಕ್ಕ ಹಾಕಿ ಗೊಬ್ಬರ ಕೊಟ್ಟು ಹೂ ತರಿಸಿದ ಗಿಡ ಅದು. ಹೊಸ ಮಣ್ಣಿಗೆ ಬಂದ ಮೇಲೆ ಮೊದಲು ಬೇರು ಬಿಡುತ್ತದೆ, ಆಮೇಲೆ ಎಲೆ, ಕೊನೆಗೆ ಹೂ. ಅದರ ಬೇರಿನ ಸುತ್ತ ಅಂಟು ಕೆಮ್ಮಣ್ಣಿನ ಗಟ್ಟಿ ಉಂಡೆ ಇದ್ದು, ಅದನ್ನು ಸಡಿಲಿಸದೆ ಹಾಗೇ ಇಟ್ಟಿದ್ದರೆ ಇನ್ನೂ ತಡವಾಗುತ್ತದೆ. ಬೇರು ಆ ಉಂಡೆ ಬಿಟ್ಟು ಹೊರಗೆ ಬರಲು ಬಹಳ ಕಾಲ ಹಿಡಿಯುತ್ತದೆ. ನೆಟ್ಟು ಆರು ತಿಂಗಳೊಳಗಿನ ಗಿಡವಾದರೆ, ಎಲೆ ಹಸಿರಾಗಿದ್ದರೆ, ಹೊಸ ಚಿಗುರು ಕೆಂಪಾಗಿ ಬರುತ್ತಿದ್ದರೆ, ಸುಮ್ಮನೆ ಕಾಯಿರಿ.

ಬಳ್ಳಿ ಗುಲಾಬಿಯ ಮಾತೇ ಬೇರೆ. ಅದು ಮೊದಲ ಒಂದೆರಡು ವರ್ಷ ಉದ್ದುದ್ದ ಕೊಂಬೆ ಹಾಕುವುದರಲ್ಲೇ ಕಳೆಯುತ್ತದೆ. ಕೊಂಬೆ ನೆಟ್ಟಗೆ ಮೇಲೇರಿದರೆ ತುದಿಯಲ್ಲಿ ಮಾತ್ರ ಹೂ. ಅದನ್ನೇ ಬಾಗಿಸಿ ಕಾಂಪೌಂಡಿನ ಉದ್ದಕ್ಕೆ ಅಡ್ಡ ಕಟ್ಟಿದರೆ ಪ್ರತಿ ಕಣ್ಣೂ (ಎಲೆಯ ಬುಡದಲ್ಲಿರುವ ಚಿಗುರಿನ ಮೊಳಕೆ) ಒಡೆದು ಅಲ್ಲಲ್ಲಿ ಹೂವಿನ ಚಿಗುರು ಬರುತ್ತದೆ. ಬಳ್ಳಿ ಗುಲಾಬಿ ಹೂ ಬಿಡುತ್ತಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವ ಮದ್ದು ನಾಲ್ಕು ಮೊಳ ಸೆಣಬಿನ ಹುರಿ.

ವರ್ಷಕ್ಕೊಮ್ಮೆ ಮಾತ್ರ ಅರಳುವ ಹಳೆಯ ಜಾತಿಗಳೂ ಇವೆ. ಅವು ಹಿಂದಿನ ವರ್ಷದ ಬಲಿತ ಕೊಂಬೆಯ ಮೇಲೆ ಹೂ ಬಿಡುವಂಥವು. ಅನೇಕಕ್ಕೆ ಚೆನ್ನಾದ ಚಳಿ ಬೇಕು. ನಮ್ಮ ಬಯಲುಸೀಮೆಯ ಡಿಸೆಂಬರ್ ಅವಕ್ಕೆ ಸಾಲದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಗಿಡಗಳು ಹಾಗಲ್ಲ. ಹೈಬ್ರಿಡ್ ಟೀ, ಫ್ಲೋರಿಬಂಡಾ, ಬಟನ್ ಗುಲಾಬಿ, ಇವೆಲ್ಲ ಮತ್ತೆ ಮತ್ತೆ ಅರಳುವ ಗುಣವನ್ನು ಚೀನಾದ ಗುಲಾಬಿಗಳಿಂದ ಪಡೆದವು. ಹಗಲು ಉದ್ದವೋ ಗಿಡ್ಡವೋ ಎಂದು ನೋಡದೆ, ಬಲವಿರುವ ಪ್ರತಿ ಹೊಸ ಚಿಗುರಿನ ತುದಿಯಲ್ಲೂ ಮೊಗ್ಗು ಕಟ್ಟುವುದೇ ಅವುಗಳ ಸ್ವಭಾವ. ಅಂಥ ಗಿಡ ವರ್ಷ ಕಳೆದರೂ ಹೂ ಬಿಡದಿದ್ದರೆ ಏನೋ ತಡೆಯುತ್ತಿದೆ ಎಂದೇ ಅರ್ಥ.

ಬೆಳೆಯುತ್ತಿರುವುದು ನೀವು ನೆಟ್ಟ ಗುಲಾಬಿಯೇ?

ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಏಕೆಂದರೆ ಉತ್ತರ ಇಲ್ಲ ಎಂದಾದರೆ ಮುಂದಿನ ಯಾವ ಮದ್ದೂ ತಾಗುವುದಿಲ್ಲ. ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಕಸಿ ಗಿಡ. ಕೆಳಗಿನ ಬೇರು ಒಂದು ಜಾತಿ, ಮೇಲಿನ ಹೂವಿನ ಕೊಂಬೆ ಇನ್ನೊಂದು. ಬುಡದಲ್ಲಿ, ಮಣ್ಣಿನ ಮಟ್ಟದ ಆಸುಪಾಸಿನಲ್ಲಿ, ಊದಿಕೊಂಡಂಥ ಗಂಟು ಕಾಣುತ್ತದೆ. ಗಂಟಿನ ಮೇಲಿಂದ ಬಂದದ್ದು ನಿಮ್ಮ ಗುಲಾಬಿ. ಗಂಟಿನ ಕೆಳಗಿಂದ, ಕೆಲವೊಮ್ಮೆ ಅರ್ಧ ಅಡಿ ಆಚೆ ನೆಲದೊಳಗಿಂದ, ಚಾಟಿಯಂತೆ ನೆಟ್ಟಗೆ ನುಗ್ಗಿ ಬಂದದ್ದು ಬೇರುಗಿಡದ ಕಾಡುಚಿಗುರು.

ಕಾಡುಚಿಗುರಿನ ಗುರುತು ಹೇಳುತ್ತೇನೆ. ಎಲೆಯ ಬಣ್ಣ ತೆಳು ಹಸಿರು. ಒಂದು ದಂಟಿಗೆ ಏಳೋ ಒಂಬತ್ತೋ ಚಿಕ್ಕ ಎಲೆ. ಮುಳ್ಳು ತೀರ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಬೇರುಗಿಡ ಮಲ್ಟಿಫ್ಲೋರಾ ಎಂಬ ಕಾಡುಗುಲಾಬಿ ಆಗಿದ್ದರೆ ಎಲೆದಂಟು ಕಾಂಡಕ್ಕೆ ಸೇರುವ ಕಡೆ ಇರುವ ಪುಟ್ಟ ಹಸಿರು ಪಟ್ಟಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ. ಈ ಗುರುತು ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಎಲೆ ಎಣಿಸುವುದೊಂದನ್ನೇ ನಂಬಬೇಡಿ, ಒಳ್ಳೆಯ ಕಸಿ ಗುಲಾಬಿಯಲ್ಲೂ ಕೆಲವು ದಂಟಿಗೆ ಏಳು ಎಲೆ ಬರುವುದುಂಟು. ಚಿಗುರು ಎಲ್ಲಿಂದ ಹೊರಟಿದೆ ಎಂಬುದನ್ನು ಬೆರಳಲ್ಲಿ ಮಣ್ಣು ಸರಿಸಿ ನೋಡಿ. ಎರಡು ಇಂಚು ಸಾಕು.

ಕಾಡುಚಿಗುರೂ ನಿಮ್ಮ ಕೊಂಬೆಯೂ ಎರಡೂ ಇದ್ದರೆ, ಕಾಡುಚಿಗುರನ್ನು ಹುಟ್ಟಿದ ಜಾಗದಿಂದಲೇ ಕೆಳಕ್ಕೆ ಎಳೆದು ಕಿತ್ತುಬಿಡಿ. ಕತ್ತರಿಸಿದರೆ ಉಳಿದ ಬುಡದಲ್ಲಿ ಮತ್ತೆ ನಾಲ್ಕು ಒಡೆಯುತ್ತವೆ. ಗಂಟಿನ ಮೇಲಿನ ಭಾಗ ಪೂರ್ತಿ ಒಣಗಿ, ಇರುವುದೆಲ್ಲ ಕಾಡುಚಿಗುರೇ ಆಗಿದ್ದರೆ ಹೆಚ್ಚಿನವರು ಎದೆ ಒಡೆದುಕೊಳ್ಳುತ್ತಾರೆ. ಬೇಕಿಲ್ಲ. ಆ ಬೇರು ನಿಮ್ಮ ಅವನ ಮಣ್ಣಿನಲ್ಲೇ ಊರಿಕೊಂಡಿದೆ, ಗಟ್ಟಿಯಾಗಿದೆ. ಅದರ ಮೇಲೇ ಹೊಸದಾಗಿ ಕಣ್ಣುಕಸಿ ಮಾಡಬಹುದು. ಪೆನ್ಸಿಲ್ ದಪ್ಪದ ಒಂದೆರಡು ಚಿಗುರು ಉಳಿಸಿಕೊಂಡು, ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ತೊಗಟೆ ಸಲೀಸಾಗಿ ಬಿಡುವ ಹೊತ್ತಿನಲ್ಲಿ, ಬುಡದ ಹತ್ತಿರ ಟಿ ಆಕಾರಕ್ಕೆ ಸೀಳಿ, ಆಗಷ್ಟೇ ಹೂ ಉದುರಿದ ಕೊಂಬೆಯಿಂದ ತೆಗೆದ ಕಣ್ಣು ಕೂರಿಸಿ, ಕಣ್ಣಿನ ತುದಿ ಮಾತ್ರ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಮೂರು ವಾರದಲ್ಲಿ ಕಣ್ಣು ಹಸಿರಾಗೇ ಇದ್ದರೆ ಹಿಡಿದಿದೆ ಎಂದರ್ಥ. ಆಮೇಲೆ ಅದರ ಮೇಲಿನ ಕಾಡು ಭಾಗವನ್ನು ಕತ್ತರಿಸಿ ತೆಗೆಯುವುದು. ಕೈ ಪಳಗಿಲ್ಲದವರು ಊರಿನ ನರ್ಸರಿಯ ಕಸಿಗಾರರನ್ನು ಕರೆದರೆ ಕೆಲವೇ ನಿಮಿಷದ ಕೆಲಸ.

ನೆರಳು

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿನ ಕಲ್ಲು. ಕ್ರಿ.ಶ. 949–50ರ ಕಾಲದ್ದು. ಮಣಲೇರನೆಂಬ ವೀರ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಸಾಕಿದ ಜೀವಕ್ಕೆ ಗುರುತು ನಿಲ್ಲಿಸುವ ಆಸೆ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು ಎಂದು ನೆನೆದರೆ ನನಗೆ ಸಮಾಧಾನವಾಗುತ್ತದೆ. ಆದರೆ ಕಲ್ಲನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಅದರಲ್ಲೂ ಬೆಳಗಿನದು.

ಬಿಸಿಲು ಸಾಲದ ಗಿಡದ ಲಕ್ಷಣ ಸ್ಪಷ್ಟ. ಚಿಗುರು ತೆಳ್ಳಗೆ, ಉದ್ದಕ್ಕೆ, ಬೆಳಕಿನ ಕಡೆಗೆ ವಾಲಿರುತ್ತದೆ. ಎಲೆಗಳ ನಡುವೆ ಅಂತರ ಜಾಸ್ತಿ. ತುದಿಯಲ್ಲಿ ಮೊಗ್ಗು ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಎಲೆ ಇದ್ದು ಬೆಳವಣಿಗೆ ಅಲ್ಲಿಗೇ ನಿಂತಿರುತ್ತದೆ. ಇದನ್ನು ಕುರುಡು ಚಿಗುರು ಎನ್ನುತ್ತಾರೆ. ಅಲ್ಲಿ ಮೊಗ್ಗು ಹುಟ್ಟುವ ಕೆಲಸ ಶುರುವಾಗಿ, ಬೆಳಕಿನ ಕೊರತೆಯಿಂದ ಕಣ್ಣಿಗೆ ಕಾಣುವ ಮೊದಲೇ ಕರಟಿ ಹೋಗಿರುತ್ತದೆ. ಒಂದೆರಡು ಕುರುಡು ಚಿಗುರು ಎಲ್ಲ ಗಿಡದಲ್ಲೂ ಇರುತ್ತವೆ. ಮುಕ್ಕಾಲು ಪಾಲು ಚಿಗುರು ಹಾಗೇ ಇದ್ದರೆ ನೆರಳಿನದೇ ದೋಷ.

ಬಿಸಿಲನ್ನು ಅಂದಾಜಿನಲ್ಲಿ ಹೇಳಬೇಡಿ, ಒಂದು ರಜಾದಿನ ಗಂಟೆಗೊಮ್ಮೆ ಹೋಗಿ ಗಿಡದ ಮೇಲೆ ನೇರ ಬಿಸಿಲು ಬಿದ್ದಿದೆಯೋ ಇಲ್ಲವೋ ಬರೆದಿಡಿ. ಇನ್ನೊಂದು ಮುಖ್ಯ ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಮಧ್ಯಾಹ್ನ 10 ಅಡಿ ಎತ್ತರದ ಗೋಡೆ ಉತ್ತರಕ್ಕೆ ಏಳು ಅಡಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ. ಮನೆಯ ಉತ್ತರ ಮಗ್ಗುಲಿನಲ್ಲಿ ನೆಟ್ಟ ಗುಲಾಬಿಗೆ, ಬಯಲುಸೀಮೆಯಲ್ಲಿ ಗುಲಾಬಿ ಅತಿ ಚೆನ್ನಾಗಿ ಅರಳುವ ನವೆಂಬರಿನಿಂದ ಫೆಬ್ರುವರಿಯವರೆಗೆ, ಬಿಸಿಲೇ ಸಿಗುವುದಿಲ್ಲ. ಬಿಸಿಲು ಸಿಗುವ ಹೊತ್ತಿಗೆ ಮುಂಗಾರಿನ ಮೋಡ ಕವಿಯುತ್ತದೆ. ಇಂಥ ಗಿಡ ಏಪ್ರಿಲ್, ಮೇನಲ್ಲಿ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ನೀವು ತಡವಾಗಿ ಅರಳುವ ಜಾತಿ ಎಂದುಕೊಂಡಿರುವುದು ಇದೇ ಇರಬಹುದು.

ಪರಿಹಾರ ಗಿಡವನ್ನು ಸರಿಸುವುದಲ್ಲ. ಮರದ ನೆರಳಾದರೆ ಪೂರ್ವ, ಆಗ್ನೇಯ ದಿಕ್ಕಿನ ಕೆಳಕೊಂಬೆಗಳನ್ನು ಸವರಿಸಿ. ಹೊಂಗೆ, ಸಂಪಿಗೆ, ಮಾವು ಯಾವುದಾದರೂ ತಡೆದುಕೊಳ್ಳುತ್ತವೆ. ಗೋಡೆಯ ನೆರಳಾದರೆ ಎದುರಿನ ಗೋಡೆಗೆ ಬಿಳಿ ಸುಣ್ಣ ಬಳಿಯುವುದರಿಂದ ಸ್ವಲ್ಪ ಬೆಳಕು ಹೆಚ್ಚುತ್ತದೆ, ಆದರೆ ಬಳಿಯುವಾಗ ಸುಣ್ಣದ ನೀರು ಗಿಡದ ಬುಡಕ್ಕೆ ಇಳಿಯದಂತೆ ತಟ್ಟು ಹಾಸಿ. ಗಿಡಕ್ಕೆ ಎತ್ತರ ಕೊಡುವುದು ಇನ್ನೊಂದು ದಾರಿ. ಒಂದೆರಡು ಕೊಂಬೆಯನ್ನು ಸವರದೆ ನಾಲ್ಕೈದು ಅಡಿ ಬೆಳೆಯಲು ಬಿಟ್ಟರೆ ತಲೆ ಬಿಸಿಲಿಗೆ ತಲುಪುತ್ತದೆ. ಇದಾವುದೂ ಆಗದ ಜಾಗದಲ್ಲಿ ಗುಲಾಬಿಯ ಜೊತೆ ನೆರಳು ಸಹಿಸುವ ಇನ್ನೊಂದು ಹೂವಿನ ಗಿಡ ಇಟ್ಟು, ಗುಲಾಬಿಯಿಂದ ವರ್ಷಕ್ಕೆ ನಾಲ್ಕೇ ಹೂ ನಿರೀಕ್ಷಿಸುವುದು ನ್ಯಾಯ.

ಕತ್ತರಿ ಮುಟ್ಟದ ಗಿಡ

ಗಿಡ ಸೊಂಪಾಗಿ, ಎದೆಮಟ್ಟ ಬೆಳೆದಿದೆ. ಬಿಸಿಲೂ ಇದೆ. ತುದಿಯಲ್ಲಿ ಎಲ್ಲೋ ಒಂದು ಸಣ್ಣ ಹೂ. ಬುಡ ಬೋಳು, ಒಳಗೆ ಒಣಕಡ್ಡಿಗಳ ಗೂಡು. ಇದು ಸವರದ ಗುಲಾಬಿ. ಅವನ ನೆನಪಿನ ಗಿಡವನ್ನು ಕತ್ತರಿಸುವುದು ಹೇಗೆ ಎಂದು ಬಿಟ್ಟಿರುತ್ತಾರೆ. ನನಗೆ ಆ ಸಂಕಟ ಅರ್ಥವಾಗುತ್ತದೆ. ಆದರೆ ಗುಲಾಬಿಯಲ್ಲಿ ಹೂ ಬರುವುದು ಹೊಸ ಚಿಗುರಿನಲ್ಲಿ, ಹೊಸ ಚಿಗುರು ಬರುವುದು ಕತ್ತರಿಸಿದ ಕೆಳಗಿನ ಕಣ್ಣಿನಲ್ಲಿ. ಕತ್ತರಿ ಹಾಕುವುದು ಅದಕ್ಕೆ ನೋವಲ್ಲ, ಊಟ ಕೊಟ್ಟ ಹಾಗೆ.

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ ದೊಡ್ಡ ಸವರಿಕೆ. ಒಣಗಿದ್ದು, ಕಡ್ಡಿಯಷ್ಟು ತೆಳ್ಳಗಿರುವುದು, ಒಂದಕ್ಕೊಂದು ಉಜ್ಜುವುದು, ಇವನ್ನು ಪೂರ್ತಿ ತೆಗೆಯಿರಿ. ನಾಲ್ಕೈದು ಬಲವಾದ ಕೊಂಬೆ ಉಳಿಸಿ, ಅವನ್ನು ಅರ್ಧಕ್ಕೆ ಇಳಿಸಿ. ಹೊರಮುಖದ ಕಣ್ಣಿನ ಕಾಲು ಇಂಚು ಮೇಲೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ಎಂದೂ ಸವರದ ಹಳೆಯ ಗಿಡವಾದರೆ ಒಮ್ಮೆಗೇ ಇಷ್ಟು ಬೇಡ; ಈ ವರ್ಷ ಮೂರರಲ್ಲಿ ಒಂದು ಪಾಲು, ಮುಂದಿನ ವರ್ಷ ಇನ್ನೊಂದು ಪಾಲು. ಕತ್ತರಿಸಿದ ತುದಿಗೆ ತಾಮ್ರಯುಕ್ತ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ, ಇಲ್ಲವಾದರೆ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ಒಣಗುರೋಗ ಸೇರಿಕೊಳ್ಳುತ್ತದೆ. ಸವರಿ ಸುಮಾರು 45 ದಿನಕ್ಕೆ, ಚಳಿ ಹೆಚ್ಚಿದ್ದರೆ 60 ದಿನಕ್ಕೆ, ಹೂ ಕಾಣಬೇಕು. ಕಾಣದಿದ್ದರೆ ಮುಂದಕ್ಕೆ ಓದಿ.

ವರ್ಷದ ನಡುವೆ ಕುರುಡು ಚಿಗುರು ಕಂಡರೆ ಅದನ್ನು ಅರ್ಧಕ್ಕೆ, ಐದೆಲೆಯ ದಂಟಿನ ಮೇಲಕ್ಕೆ ಕತ್ತರಿಸಿ. ಅರಳಿ ಬಾಡಿದ ಹೂವನ್ನೂ ಹಾಗೆಯೇ. ಬಾಡಿದ್ದನ್ನು ಗಿಡದಲ್ಲೇ ಬಿಟ್ಟರೆ ಅದು ಕಾಯಿ ಕಟ್ಟಿ, ಮುಂದಿನ ಸುತ್ತು ತಡವಾಗುತ್ತದೆ.

ಗುಂಡಿಗೆ ಏನು ಹಾಕಿದ್ದಿರಿ?

ಮಾಮೂಲಿ ಗುಲಾಬಿ ಕೈಪಿಡಿಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ಮಣ್ಣು ಮಾಡುವಾಗ ಕಲ್ಲುಪ್ಪು ಹಾಕುವುದು ನಮ್ಮಲ್ಲಿ ರೂಢಿ. ವಾಸನೆ ಬರಬಾರದು, ಬೀದಿನಾಯಿ ಅಗೆಯಬಾರದು ಎಂದು ಸುಣ್ಣವನ್ನೂ ಸುರಿಯುತ್ತಾರೆ. ಆ ದಿನ ಯಾರು ಏನು ತಂದರು, ಎಷ್ಟು ಹಾಕಿದರು ಎಂಬುದು ದುಃಖದಲ್ಲಿದ್ದವರಿಗೆ ನೆನಪಿರುವುದಿಲ್ಲ. ಗುಂಡಿ ತೋಡಿದವರನ್ನು ಕೇಳಿ. ಮನೆಯ ಹಿರಿಯರನ್ನು ಕೇಳಿ. ಉತ್ತರ ಸಿಗದಿದ್ದರೂ ಎಲೆ ಹೇಳುತ್ತದೆ.

ಉಪ್ಪಿನ ಗುರುತು ಹಳೆಯ ಎಲೆಯಲ್ಲಿ. ಅಂಚು, ತುದಿ ಸುಟ್ಟಂತೆ ಕಂದಾಗಿ, ಗರಿಗರಿಯಾಗಿ, ಎಲೆ ಬೇಗ ಉದುರುತ್ತದೆ. ಮಣ್ಣಿನಲ್ಲಿ ತೇವ ಇದ್ದರೂ ಮಧ್ಯಾಹ್ನ ಗಿಡ ಬಾಡುತ್ತದೆ, ಏಕೆಂದರೆ ಉಪ್ಪು ತುಂಬಿದ ತೇವವನ್ನು ಬೇರು ಎಳೆದುಕೊಳ್ಳಲಾರದು. ಮಣ್ಣು ಒಣಗಿದಾಗ ಮೇಲೆ ಬಿಳಿ ಹೊಪ್ಪಳೆ ಕಾಣಬಹುದು. ಸೋಡಿಯಂ ಹೆಚ್ಚಾದರೆ ಜೇಡಿಮಣ್ಣಿನ ಕಣಗಳು ಬಿಟ್ಟುಹೋಗಿ, ಒದ್ದೆಯಾದಾಗ ಕೆಸರು, ಒಣಗಿದಾಗ ಇಟ್ಟಿಗೆ. ಕುಡಿಯುವ ನೀರಿನ ಶುದ್ಧೀಕರಣ (ಆರ್‌ಒ) ಯಂತ್ರದಿಂದ ಹೊರಬೀಳುವ ಬೇಡದ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಇದ್ದರೆ ಈಗಲೇ ನಿಲ್ಲಿಸಿ. ಅದರಲ್ಲಿ ಲವಣ ಒಟ್ಟುಗೂಡಿರುತ್ತದೆ, ಉಪ್ಪಿನ ಮೇಲೆ ಉಪ್ಪು ಬಿದ್ದಂತಾಗುತ್ತದೆ.

ಸುಣ್ಣದ ಗುರುತು ಹೊಸ ಎಲೆಯಲ್ಲಿ. ಚಿಗುರೆಲೆ ಹಳದಿ, ನರಗಳು ಮಾತ್ರ ಹಸಿರು, ಜಾಲದಂತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ನಮ್ಮ ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಗುಲಾಬಿಗೆ ಹಿತವಾದ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 6.5. ಸುಣ್ಣ ಬಿದ್ದು ಅದು 8ರ ಆಸುಪಾಸಿಗೆ ಏರಿದರೆ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಸುಟ್ಟ ಸುಣ್ಣ ನೀರು ಕುಡಿದು ಅರಳಿ, ಕ್ರಮೇಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಸುಣ್ಣಕಲ್ಲಿನ ಪುಡಿಯಾಗಿ ಮಣ್ಣಿನಲ್ಲಿ ಕೂರುತ್ತದೆ. ಅದು ಉಪ್ಪಿನಂತೆ ಮಳೆಗೆ ತೊಳೆದುಹೋಗುವುದಿಲ್ಲ. ಅಂದಹಾಗೆ ಸುಣ್ಣ ಹಾಕಿದರೆ ದೇಹ ಬೇಗ ಮಣ್ಣಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ, ಅದು ಕೊಳೆಯುವುದನ್ನು ನಿಧಾನಗೊಳಿಸುತ್ತದೆ. ಗುಂಡಿಯ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿಸಿದ್ದರೆ ಅದರಿಂದಲೂ ಸುಣ್ಣದಂಶ ಇಳಿಯುತ್ತದೆ. ಮೊದಲ ವರ್ಷ ಹೆಚ್ಚು.

ಎರಡನ್ನೂ ಬೇರ್ಪಡಿಸಲು ಮನೆಯಲ್ಲೇ ಒಂದು ಪರೀಕ್ಷೆ. ಬುಡದಿಂದ ಒಂದು ಅಡಿ ದೂರದಲ್ಲಿ, ನಾಲ್ಕು ಬೆರಳು ಆಳದ ಮಣ್ಣನ್ನು ಚಮಚದಲ್ಲಿ ತೆಗೆದು ಒಣಗಿಸಿ. ಅದರ ಮೇಲೆ ವಿನೆಗರ್ ಬಿಡಿ. ನೊರೆಗುಟ್ಟಿದರೆ ಸುಣ್ಣ ಇದೆ. ನೊರೆ ಬರದೆ, ಎಲೆಯಂಚು ಸುಟ್ಟಿದ್ದರೆ ಉಪ್ಪಿನ ಕಡೆಗೆ ಅನುಮಾನ. ಖಚಿತವಾಗಬೇಕಾದರೆ ಅರ್ಧ ಕಿಲೋ ಮಣ್ಣನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೋ ಕೊಟ್ಟು ಪಿಎಚ್ ಮತ್ತು ಇಸಿ (ಮಣ್ಣಿನಲ್ಲಿರುವ ಲವಣದ ಅಳತೆ) ಎರಡನ್ನೂ ಕೇಳಿ. ಇಸಿ ಮೀಟರಿಗೆ 1 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಲವಣದ ಚಿಂತೆ ಬೇಡ.

ಉಪ್ಪಿಗೆ ಮದ್ದು ನೀರು. ಆದರೆ ನೀರು ಇಂಗಿ ಕೆಳಗಿಳಿಯುವ ಜಾಗವಾಗಿರಬೇಕು. ಪಾತಿಗೆ ಎರಡು ಹಿಡಿ ಜಿಪ್ಸಮ್ ಎರಚಿ, ಮೇಲುಮಣ್ಣಿಗೆ ಬೆರಳಲ್ಲಿ ಬೆರೆಸಿ, ಆಮೇಲೆ ಸಿಹಿನೀರನ್ನು ನಿಧಾನವಾಗಿ, ಒಂದೇ ದಿನ ಮೂರ್ನಾಲ್ಕು ಸಲ, ಧಾರಾಳವಾಗಿ ಬಿಡಿ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಮ್ಮನ್ನು ಬಿಡಿಸುತ್ತದೆ, ನೀರು ಅದನ್ನು ಕೆಳಕ್ಕೆ ಒಯ್ಯುತ್ತದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ನೀರು. ಮಳೆನೀರಿಗಿಂತ ಒಳ್ಳೆಯದು ಇದಕ್ಕೆ ಬೇರೆ ಇಲ್ಲ. ತಾರಸಿಯ ನೀರನ್ನು ಅತ್ತ ತಿರುಗಿಸಲು ಸಾಧ್ಯವಿದ್ದರೆ ಒಂದು ಮುಂಗಾರು ಎಷ್ಟೋ ಕೆಲಸ ಮಾಡುತ್ತದೆ.

ಸುಣ್ಣಕ್ಕೆ ಜಿಪ್ಸಮ್ ಉಪಯೋಗವಿಲ್ಲ. ಮೇಲುಮಣ್ಣಿಗೆ ಒಂದು ಹಿಡಿ ಗಂಧಕದ ಪುಡಿ ಬೆರೆಸಿ. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಆಮ್ಲವಾಗಿಸಲು ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಎಲೆಗೆ ನೇರವಾಗಿ ಕಬ್ಬಿಣ: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ, ಇಳಿಹೊತ್ತಿನಲ್ಲಿ ಸಿಂಪಡಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ. ಹೊಸ ಎಲೆ ಹಸಿರಾಗಿ ಬಂದರೆ ರೋಗನಿರ್ಣಯ ಸರಿ. ಮಣ್ಣಿಗೆ ಕೀಲೇಟ್ ಕಬ್ಬಿಣ ಕೊಡುವುದಾದರೆ ಇಡಿಟಿಎ ಬೇಡ, ಅದು ಸುಣ್ಣದ ಮಣ್ಣಿನಲ್ಲಿ ನಿಲ್ಲದು. ಇಡಿಡಿಎಚ್‌ಎ ಎಂಬುದನ್ನು ಕೇಳಿ ತನ್ನಿ. ಕೋಲಾರ, ಬೆಂಗಳೂರಿನ ಪೂರ್ವ ಭಾಗಗಳಂತೆ ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಗುಂಡಿಗೆ ಸುಣ್ಣ ಹಾಕದಿದ್ದರೂ ಇದೇ ಲಕ್ಷಣ ಬರುತ್ತದೆ, ಮದ್ದೂ ಇದೇ.

ಕುಸಿದ ಗುಂಡಿ, ನಿಂತ ನೀರು

ದೇಹ ಕರಗುತ್ತ ಹೋದಂತೆ ಮೇಲಿನ ಸಡಿಲ ಮಣ್ಣು ಇಳಿಯುತ್ತದೆ. ದೊಡ್ಡ ನಾಯಿಯಾಗಿದ್ದರೆ ಅರ್ಧ ಅಡಿಯೂ ಇಳಿಯಬಹುದು. ಗುಲಾಬಿಯೂ ಅದರ ಜೊತೆ ಕೆಳಗೆ ಹೋಗುತ್ತದೆ. ಮೊದಲ ಮಳೆಗಾಲದಲ್ಲಿ ಆ ತಗ್ಗಿಗೆ ಸುತ್ತಲಿನ ನೀರೆಲ್ಲ ಬಂದು ನಿಲ್ಲುತ್ತದೆ, ಕಸಿಗಂಟು ಕೆಸರಿನಲ್ಲಿ ಹೂತುಹೋಗುತ್ತದೆ. ಬೇರಿಗೆ ಗಾಳಿ ಇಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರುವುದು, ಚಿಗುರು ಹುಟ್ಟಿ ಅಲ್ಲೇ ಕಪ್ಪಾಗುವುದು, ಮಣ್ಣು ಹುಳಿವಾಸನೆ ಹೊಡೆಯುವುದು ಇದರ ಲಕ್ಷಣ. ನೀರು ಕಡಿಮೆಯಾಯಿತೆಂದು ಇನ್ನಷ್ಟು ಎರೆಯುವವರೇ ಹೆಚ್ಚು, ಏಕೆಂದರೆ ಬಾಡಿದ ಗಿಡ ಎರಡು ಸ್ಥಿತಿಯಲ್ಲೂ ಒಂದೇ ಥರ ಕಾಣುತ್ತದೆ.

ಅಗೆಯದೆ ತಿಳಿಯಲು ಒಂದು ಬಿದಿರುಕಡ್ಡಿ ಸಾಕು. ಬುಡದಿಂದ ಒಂದು ಅಡಿ ಆಚೆ ಗೇಣುದ್ದ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿಗೆ ಕೆಸರು ಮೆತ್ತಿದ್ದರೆ ನೀರು ನಿಲ್ಲಿಸಿ. ಸ್ವಲ್ಪ ತಂಪಾಗಿ, ಒಂದೆರಡು ಕಣ ಅಂಟಿದ್ದರೆ ಹದ. ಪೂರ್ತಿ ಒಣಗಿ ಬಂದರೆ ಮಾತ್ರ ನೀರು. ದಿನಾ ಬೆಳಿಗ್ಗೆ ಅವನ ಹತ್ತಿರ ಹೋಗಿ ನಿಲ್ಲಬೇಕೆನಿಸಿದರೆ ಹೋಗಿ, ಒಣ ಎಲೆ ಆರಿಸಿ, ಹುಳು ನೋಡಿ. ನೀರಿನ ತಂಬಿಗೆ ದಿನಾ ಬೇಕಿಲ್ಲ.

ತಗ್ಗನ್ನು ಮುಂಗಾರಿಗೆ ಮೊದಲು ತುಂಬಿಸಿ. ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ, ಗಿಡದ ಸುತ್ತ ದಿಬ್ಬವಾಗಿ ಏರಿಸುತ್ತ ಬನ್ನಿ. ಕಸಿಗಂಟಿನ ಸುತ್ತ ಒಂದು ಅಂಗೈ ಅಗಲ ಮಾತ್ರ ಹಾಗೇ ಬಿಡಿ, ಮತ್ತು ಆ ಜಾಗದಲ್ಲೂ ನೀರು ನಿಲ್ಲದಂತೆ ಇಳಿಜಾರಿನ ಕಡೆಗೊಂದು ಸಣ್ಣ ಕಾಲುವೆ ತೆಗೆಯಿರಿ. ಹೆಸರು ಕೆತ್ತಿಸಿದ ಗ್ರಾನೈಟ್ ಚಪ್ಪಡಿ ಬುಡಕ್ಕೆ ಒತ್ತಿಕೊಂಡಿದ್ದರೆ ಒಂದೂವರೆ ಅಡಿ ಆಚೆ ಸರಿಸಿ. ಅದು ಮಳೆನೀರು ಇಂಗಲು ಬಿಡುವುದಿಲ್ಲ, ಮಾರ್ಚ್ ಬಿಸಿಲಿಗೆ ಕಾದು ಮೇಲಿನ ಬೇರನ್ನು ಸುಡುತ್ತದೆ.

ಬರೀ ಎಲೆ, ಕಡು ಹಸಿರು

ಮೇಲಿನದೆಲ್ಲ ಸರಿ ಇದೆ, ಗಿಡ ಕಡು ಹಸಿರು, ಚಿಗುರು ರಸವತ್ತಾಗಿ ಉದ್ದಕ್ಕೆ ಹೋಗುತ್ತಿದೆ, ಹೂ ಇಲ್ಲ ಅಥವಾ ಮೆದು ದಂಟಿನ ಮೇಲೆ ಒಂದೆರಡು. ಸಾರಜನಕ ಹೆಚ್ಚಾಗಿದೆ. ಕೊಳೆಯುವ ದೇಹ ಮೊದಲ ತಿಂಗಳುಗಳಲ್ಲಿ ಅಮೋನಿಯ ಬಿಡುಗಡೆ ಮಾಡುತ್ತದೆ, ಅದು ಹತ್ತಿರದ ಬೇರನ್ನು ಸುಡುವಷ್ಟು ಪ್ರಬಲ. ಆಮೇಲೆ ಅದೇ ನಿಧಾನಕ್ಕೆ ಗೊಬ್ಬರವಾಗುತ್ತದೆ. ಅದರ ಮೇಲೆ ನಾವೂ ಯೂರಿಯಾ, ಕಡಲೆಕಾಯಿ ಹಿಂಡಿ ಎಂದು ಸುರಿದರೆ ಗಿಡಕ್ಕೆ ಎಲೆಯ ಚಿಂತೆಯೇ ಹೊರತು ಹೂವಿನದ್ದಲ್ಲ. ಒಂದು ವರ್ಷ ಸಾರಜನಕದ ಗೊಬ್ಬರ ಪೂರ್ತಿ ನಿಲ್ಲಿಸಿ. ಸವರಿದ ಮೇಲೆ ಒಂದು ಸಣ್ಣ ಚಮಚ ಸಲ್ಫೇಟ್ ಆಫ್ ಪೊಟ್ಯಾಶ್ ಸಾಕು.

ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದರೆ ಈ ಮಾತು ದಯವಿಟ್ಟು ಗಮನದಿಂದ ಓದಿ. ಗುಲಾಬಿಗೆ ಹರಳು ಹಿಂಡಿ (ಹರಳೆಣ್ಣೆ ತೆಗೆದ ಬೀಜದ ಹಿಂಡಿ) ಹಾಕಬೇಡಿ. ಅದರಲ್ಲಿ ರೈಸಿನ್ ಎಂಬ ವಿಷ ಉಳಿದಿರಬಹುದು, ನಾಯಿಗೆ ಅದರ ವಾಸನೆ ಇಷ್ಟ, ತಿಂದರೆ ಸಾಯಬಹುದು. ಫೋರೇಟ್‌ನಂಥ ಕಾಳಿನ ರೂಪದ ಕೀಟನಾಶಕ ಬುಡಕ್ಕೆ ಬೇಡವೇ ಬೇಡ. ಎಲುಬಿನ ಪುಡಿ ವಿಷವಲ್ಲ, ಆದರೆ ಆ ವಾಸನೆಗೆ ಮನೆಯ ನಾಯಿಯೂ ಬೀದಿನಾಯಿಯೂ ಅದೇ ಜಾಗ ಅಗೆಯುತ್ತವೆ. ಕೊನೆಯಲ್ಲಿ ಚುಚ್ಚುಮದ್ದು ಕೊಟ್ಟು ಮಲಗಿಸಿದ ಪ್ರಾಣಿಯಾಗಿದ್ದರೆ ಆ ಮದ್ದು ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಅಗೆದು ತಿಂದ ಪ್ರಾಣಿಗೂ ಅಪಾಯ. ಬೇವಿನ ಹಿಂಡಿ, ಎರೆಗೊಬ್ಬರ ಇಷ್ಟರಲ್ಲೇ ನಿಲ್ಲಿಸಿ.

ಮೊಗ್ಗು ಬರುತ್ತದೆ, ಅರಳುವುದಿಲ್ಲ

ಫೆಬ್ರುವರಿಯಿಂದ ಮೇವರೆಗೆ ಮೊಗ್ಗಿನ ಎಸಳಂಚು ಕಂದಾಗಿ, ಸೊಟ್ಟಗಾಗಿ ನಿಂತರೆ ಅದು ಥ್ರಿಪ್ಸ್ ಎಂಬ ಪುಟ್ಟ ಕೀಟದ ಕೆಲಸ. ಮೊಗ್ಗನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ನೂಲಿನ ಚೂರಿನಂಥವು ಹರಿದಾಡುತ್ತವೆ. ಹಾಳಾದ ಮೊಗ್ಗು ಕಿತ್ತು ಚೀಲಕ್ಕೆ ಹಾಕಿ, ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಜಿಟಿಜಿಟಿ ಮಳೆಯಲ್ಲಿ ದಪ್ಪ ಮೊಗ್ಗಿನ ಹೊರ ಎಸಳು ಕೊಳೆತು ಅಂಟಿಕೊಂಡರೆ ಅದು ರೋಗವಲ್ಲ, ತುಂಬು ಎಸಳಿನ ಜಾತಿಗಳ ಸ್ವಭಾವ. ಮಳೆ ನಿಂತರೆ ಸರಿಹೋಗುತ್ತದೆ.

ಆ ದಿನಕ್ಕೇ ಹೂ ಬೇಕೆಂದರೆ

ಅವನು ಹೋದ ದಿನಕ್ಕೆ ಸರಿಯಾಗಿ ಗಿಡದಲ್ಲಿ ಹೂವಿರಲಿ ಎಂದು ಆಸೆಪಡುವವರಿದ್ದಾರೆ. ಆರೋಗ್ಯವಾಗಿರುವ ಗಿಡವಾದರೆ ಇದು ಸಾಧ್ಯ. ಆ ದಿನಕ್ಕೆ 45ರಿಂದ 50 ದಿನ ಮುಂಚೆ ಅರ್ಧದಷ್ಟು ಕೊಂಬೆಗಳ ತುದಿಯನ್ನು ಒಂದು ಗೇಣು ಸವರಿ, ಉಳಿದರ್ಧವನ್ನು ವಾರ ಬಿಟ್ಟು ಸವರಿ. ಡಿಸೆಂಬರ್, ಜನವರಿಯ ದಿನಕ್ಕಾದರೆ ಇನ್ನೂ ಹತ್ತು ದಿನ ಮುಂಚೆ. ಜುಲೈ, ಆಗಸ್ಟಿನ ದಿನವಾದರೆ ಮೋಡದಿಂದಾಗಿ ಲೆಕ್ಕ ತಪ್ಪುತ್ತದೆ. ಕೊಂಬೆಗಳನ್ನು ಮೂರು ಕಂತಿನಲ್ಲಿ, ಐದೈದು ದಿನದ ಅಂತರದಲ್ಲಿ ಸವರಿದರೆ ಒಂದಾದರೂ ಸಿಗುವ ಸಂಭವ ಹೆಚ್ಚು.

ಜೋಡಿಗಿಡ

ಬಾಡಿಗೆ ಮನೆಯವರು, ಮನೆ ಕೆಡವಿ ಕಟ್ಟಿಸುವವರು, ಗಿಡ ನಿಜಕ್ಕೂ ಸೊರಗುತ್ತಿರುವವರು, ಯಾರೇ ಆಗಲಿ, ಮೇಲಿನ ಯಾವ ಪರಿಹಾರಕ್ಕೂ ಕೈ ಹಾಕುವ ಮೊದಲು ಅದರದೊಂದು ಜೋಡಿಗಿಡ ಮಾಡಿಕೊಳ್ಳಿ. ಸವರಿದ ಕೊಂಬೆಯಲ್ಲೇ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೊಕೊಪೀಟ್ ಬೆರೆಸಿದ ಕುಂಡದಲ್ಲಿ ಎರಡು ಕಣ್ಣು ಮುಚ್ಚುವಂತೆ ನೆಟ್ಟು, ನೆರಳಲ್ಲಿಡಿ. ಕಸಿ ಜಾತಿಗಳು ಕಡ್ಡಿಯಿಂದ ಹಿಡಿಯುವುದು ಕಡಿಮೆ, ಅದಕ್ಕೆ ಹತ್ತಾರು ಕಡ್ಡಿ ಇಡಿ. ಮುಂಗಾರಿನಲ್ಲಿ ಗೂಟಿ ಕಟ್ಟುವುದು ಇನ್ನೂ ನಂಬಿಗಸ್ತ: ಬೆರಳಗಲ ತೊಗಟೆ ಸುತ್ತ ತೆಗೆದು, ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಬಿಗಿದರೆ ಒಂದೂವರೆ ಎರಡು ತಿಂಗಳಲ್ಲಿ ಬಿಳಿಬೇರು ಕಾಣುತ್ತದೆ.

ಮೂಲ ಗಿಡ ಸತ್ತೇ ಹೋದರೆ ಅದೇ ಜಾಗದ ಅದೇ ಮಣ್ಣಿಗೆ ಹೊಸ ಗುಲಾಬಿ ಇಡಬೇಡಿ. ಹಳೆಯ ಗುಲಾಬಿಯ ಬೇರಿದ್ದ ಮಣ್ಣಿನಲ್ಲಿ ಹೊಸದು ಏಳುವುದು ಕಷ್ಟ, ಮಣ್ಣು ಬದಲಿಸಲು ಅಗೆಯುವಂತೆಯೂ ಇಲ್ಲ. ಸತ್ತ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಅಲ್ಲೇ ಬಿಡಿ. ಅದರ ಮೇಲೆ ಒಂದೂವರೆ ಅಡಿ ಆಳದ, ತಳವಿಲ್ಲದ ದೊಡ್ಡ ಮಣ್ಣಿನ ಕುಂಡವನ್ನು ಕೂರಿಸಿ, ಹೊಸ ಮಣ್ಣು ತುಂಬಿ, ಜೋಡಿಗಿಡವನ್ನು ಅದರಲ್ಲಿ ನೆಡಿ. ಹೊಸ ಬೇರು ಕೆಳಗಿನ ಮಣ್ಣು ಮುಟ್ಟುವ ಹೊತ್ತಿಗೆ ಒಂದೆರಡು ಮಳೆಗಾಲ ಕಳೆದಿರುತ್ತದೆ.